ಬಿಸಿಲಿದೆ, ರಿಪೇರಿಗೆ ಯಾರಿದ್ದಾರೆ?

ಯಾವ ಊರಿಗೆ ಹೋದರೂ ಅಂಥದೊಂದು ಕಂಬ ಕಣ್ಣಿಗೆ ಬೀಳುತ್ತದೆ. ಬಸ್ಸು ನಿಲ್ಲುವ ಜಾಗದಲ್ಲೋ, ಸಮುದಾಯ ಭವನದ ಎದುರೋ, ಕೆರೆ ಏರಿಯ ಮೇಲೋ ನಿಂತಿರುತ್ತದೆ. ತುದಿಯಲ್ಲಿ ಧೂಳು ಹಿಡಿದ ಸೋಲಾರ್ ಪ್ಯಾನೆಲು, ಅದರ ಕೆಳಗೆ ಉರಿಯದ ದೀಪ, ನಡುವೆ ಬಾಗಿಲು ಕಿತ್ತುಹೋದ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಬ್ಯಾಟರಿ ಸತ್ತಿರುತ್ತದೆ, ಇಲ್ಲವೇ ಯಾರದೋ ಮನೆ ಸೇರಿರುತ್ತದೆ. ಅದನ್ನು ಹಾಕಿಸಿದವರ ಹೆಸರು, ಅನುದಾನದ ವರ್ಷ ಮಾತ್ರ ಇನ್ನೂ ಓದುವಂತಿರುತ್ತವೆ.

ಪ್ಯಾನೆಲು ಅಷ್ಟು ಬೇಗ ಕೆಡುವ ವಸ್ತುವಲ್ಲ, ಇಪ್ಪತ್ತೈದು ವರ್ಷ ಬಾಳುತ್ತದೆ. ಬಿಸಿಲಿಗೂ ನಮ್ಮಲ್ಲಿ ಬರವಿಲ್ಲ. ಆದರೂ ದೀಪ ಆರಿತು. ಹಾಕಿದ ಗುತ್ತಿಗೆದಾರ ಜಿಲ್ಲಾ ಕೇಂದ್ರದವನು, ಕಂಪನಿ ಇನ್ಯಾವುದೋ ರಾಜ್ಯದ್ದು. ಪಂಚಾಯಿತಿಯ ವಾಟರ್‌ಮನ್‌ಗೆ ಅದರ ತಂಟೆ ಬೇಡ. ಲೈನ್‌ಮನ್‌ನನ್ನು ಕೇಳಿದರೆ ‘ಅದು ನಮ್ಮ ಲೈನಿಗೆ ಬರಲ್ಲ ಸ್ವಾಮಿ’ ಅನ್ನುತ್ತಾನೆ, ಅವನು ಹೇಳುವುದೂ ನಿಜವೇ. ಹತ್ತು ರೂಪಾಯಿಯ ಫ್ಯೂಸ್ ಬದಲಿಸಿದ್ದರೆ ಸಾಕಿತ್ತೇನೋ. ಬದಲಿಸುವ ಹೊಣೆ ಹೊತ್ತವರು ಊರಲ್ಲಿರಲಿಲ್ಲ.

ಸ್ವಚ್ಛ ಇಂಧನದ ಮಾತು ಬಂದಾಗಲೆಲ್ಲ ನಾವು ಮೆಗಾವ್ಯಾಟ್‌ಗಳ ಲೆಕ್ಕ ಕೇಳುತ್ತೇವೆ. ದೇಶದ ಸೌರ ಸಾಮರ್ಥ್ಯ 2025ರ ಆರಂಭದಲ್ಲಿ 100 ಗಿಗಾವ್ಯಾಟ್ ದಾಟಿತು, 2030ರೊಳಗೆ ಪಳೆಯುಳಿಕೆಯೇತರ ಮೂಲಗಳಿಂದ 500 ಗಿಗಾವ್ಯಾಟ್ ಗುರಿ ಇದೆ ಎಂದೆಲ್ಲ ಓದುತ್ತೇವೆ. ಇದನ್ನೆಲ್ಲ ಕಟ್ಟುವವರು, ಕಟ್ಟಿದ ಮೇಲೆ ಕಾಯುವವರು ಯಾರು, ಅವರು ಎಲ್ಲಿ ಕಲಿತರು, ಕಲಿತ ಮೇಲೆ ಎಲ್ಲಿ ನಿಂತರು ಎಂಬ ಲೆಕ್ಕ ಸುದ್ದಿಯಾಗುವುದು ಅಪರೂಪ. ತರಬೇತಿ ಕೇಂದ್ರ ತೆರೆದರೆ ಕುಶಲಕರ್ಮಿಗಳು ತಾವಾಗಿ ಹುಟ್ಟುತ್ತಾರೆ ಎಂಬ ನಂಬಿಕೆ ಸರ್ಕಾರಿ ಕಡತಗಳಲ್ಲಿ ಗಟ್ಟಿಯಾಗಿದೆ. ಕಲಿತವರನ್ನು ಊರಲ್ಲೇ ಹಿಡಿದು ನಿಲ್ಲಿಸುವ ಬ್ಯಾಂಕು, ಸಂಘ, ಅಂಗಡಿ, ಪಂಚಾಯಿತಿಗಳು ಜೊತೆಗೂಡದೆ ಆ ನಂಬಿಕೆ ಫಲಿಸಿದ್ದನ್ನು ನಾನಂತೂ ಕಂಡಿಲ್ಲ. ಜೊತೆಗೂಡಿದ ಕಡೆ ಏನಾಯಿತು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಗಳಿವೆ, ಅವು ಇತ್ತೀಚಿನವೂ ಅಲ್ಲ.

ಪುರದ ಹುಡುಗರು

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬ ಸಣ್ಣ ಹಳ್ಳಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದ ಅಮೂಲ್ಯ ರೆಡ್ಡಿ ಮತ್ತು ಅವರ ಜೊತೆಗಾರರು ಇಲ್ಲಿ ಇಡೀ ಊರಿಗೆಂದು ಗೋಬರ್ ಗ್ಯಾಸ್ ಸ್ಥಾವರ ಹಾಕಿದರು. ಮೊದಲು ಇದ್ದದ್ದು ಅಡುಗೆಗೆ ಅನಿಲ ಕೊಡುವ ಯೋಚನೆ. ಊರಿನ ಸಗಣಿಯನ್ನೆಲ್ಲ ಸೇರಿಸಿದರೂ ಎಲ್ಲ ಒಲೆಗಳಿಗೆ ಸಾಲಲಿಲ್ಲ, ಯೋಜನೆ ಕುಂಟಿತು. ಊರವರ ಜೊತೆ ಕೂತು ಮಾತಾಡಿದಾಗ ಅವರಿಗೆ ಒಲೆಗಿಂತ ಮೊದಲು ಬೇಕಿದ್ದದ್ದು ಕುಡಿಯುವ ನೀರು ಎಂದು ತಿಳಿಯಿತು. ಆಮೇಲೆ ಅದೇ ಅನಿಲದಿಂದ ಐದು ಕಿಲೋವ್ಯಾಟ್‌ನ ಎಂಜಿನ್ ಓಡಿಸಿ, 1987ರಿಂದ ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು.

ಸಗಣಿ ತಂದು ಹಾಕಿದವರಿಗೆ ಕೆ.ಜಿ.ಗೆ ಎರಡು ಪೈಸೆ ಕೂಲಿ, ಜೊತೆಗೆ ಅನಿಲ ತೆಗೆದ ಮೇಲೆ ಉಳಿದ ರಾಡಿ ಗೊಬ್ಬರವಾಗಿ ವಾಪಸ್ಸು. ತರುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಎಂಜಿನ್ ಓಡಿಸಿದ್ದು, ಸಗಣಿ ತೂಗಿ ಲೆಕ್ಕ ಬರೆದದ್ದು, ಗ್ಯಾಸಿನ ಒತ್ತಡ ನೋಡಿದ್ದು ಊರಿನದೇ ಹುಡುಗರು. ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಿಂದ ಯಾರೋ ಬಂದು ಸ್ವಿಚ್ ಹಾಕಲಿ ಎಂದು ಪುರ ಕಾಯಬೇಕಾಗಿರಲಿಲ್ಲ. ನೀರು ಬರದಿದ್ದರೆ ಸಂಜೆ ಬೀದಿಯಲ್ಲಿ ಸಿಕ್ಕು ಬೈಸಿಕೊಳ್ಳುವವನೂ ಆ ಹುಡುಗನೇ. ಹೊಣೆಗಾರಿಕೆ ಎಂದು ದಪ್ಪ ದಪ್ಪ ವರದಿಗಳು ಕರೆಯುವುದು ಇದನ್ನೇ ಇರಬೇಕು.

ಅಸ್ತ್ರ ಒಲೆಯ ಕಥೆಯೂ ಇದಕ್ಕೆ ದೂರದ್ದಲ್ಲ. ಹೊಗೆ ಕಡಿಮೆ, ಸೌದೆ ಕಡಿಮೆ ಎಂದು ಹೆಸರಾದ ಆ ಒಲೆ ಕಾರ್ಖಾನೆಯಿಂದ ಬರುತ್ತಿರಲಿಲ್ಲ. ಅಳತೆ ಪಟ್ಟಿ ಹಿಡಿದು ಮನೆಮನೆಗೆ ಹೋಗಿ ಕಟ್ಟಿಕೊಡಬೇಕಿತ್ತು. ಗಾಳಿಗಂಡಿಯ ಅಳತೆ ಒಂದೆರಡು ಬೆರಳು ತಪ್ಪಿದರೆ ಹೊಗೆ ಅಡುಗೆಮನೆಗೇ ತಿರುಗುತ್ತಿತ್ತು. ಅಳತೆ ಬಲ್ಲ ಮೇಸ್ತ್ರಿ ಇದ್ದ ಊರಲ್ಲಿ ಒಲೆ ಉಳಿಯಿತು, ಗುರಿ ಮುಟ್ಟಿಸಲು ಅವಸರದಲ್ಲಿ ಕಟ್ಟಿಹೋದ ಕಡೆ ಬಿರುಕು ಬಿಟ್ಟಿತು.

ಸಾಲ ಕೊಟ್ಟವರು ಕೇಳಿದ ಪ್ರಶ್ನೆ

1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೊ ಎಂಬ ಸಣ್ಣ ಕಂಪನಿ ಶುರುವಾಯಿತು. ಕಟ್ಟಿದವರಲ್ಲಿ ಒಬ್ಬರು ಹರೀಶ್ ಹಂದೆ. ಮೂಲ ಕುಂದಾಪುರದ ಕಡೆಯದು, ಬೆಳೆದದ್ದು ಒಡಿಶಾದ ರೂರ್ಕೆಲಾದಲ್ಲಿ, ಓದಿದ್ದು ಖರಗ್‌ಪುರ ಐಐಟಿ ಮತ್ತು ಅಮೆರಿಕದಲ್ಲಿ. ಪಿಎಚ್‌.ಡಿ. ವಿದ್ಯಾರ್ಥಿಯಾಗಿದ್ದಾಗ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ, ತಮಗಿಂತ ಬಡವರು ದುಡ್ಡು ಕೊಟ್ಟು ಸೋಲಾರ್ ದೀಪ ಬಳಸುವುದನ್ನು ನೋಡಿ ಸಂಶೋಧನೆಯ ವಿಷಯವನ್ನೇ ಬದಲಿಸಿಕೊಂಡವರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವರಿಗೆ ಸೋಲಾರ್ ಕೊಳ್ಳುವ ಶಕ್ತಿಯಿಲ್ಲ, ಕೊಂಡರೂ ನೋಡಿಕೊಳ್ಳಲಾರರು, ಇಂಥ ವ್ಯವಹಾರ ಸ್ವಂತ ಕಾಲ ಮೇಲೆ ನಿಲ್ಲುವುದಿಲ್ಲ ಎಂಬ ಮೂರು ನಂಬಿಕೆಗಳನ್ನು ಸುಳ್ಳು ಮಾಡುವುದೇ ಕಂಪನಿಯ ಉದ್ದೇಶ ಎಂದು ಅವರು ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ತಿಂಗಳಿಗೆ ಮುನ್ನೂರು ರೂಪಾಯಿ ಕಟ್ಟಲಾರೆ, ದಿನಕ್ಕೆ ಹತ್ತಾದರೆ ಕಟ್ಟುತ್ತೇನೆ ಎಂದ ಬೀದಿಬದಿ ವ್ಯಾಪಾರಿಯ ಮಾತನ್ನು ಅವರು ನೆನೆಯದ ಭಾಷಣವೇ ಕಡಿಮೆ.

ಆ ಮಾತಿನಲ್ಲಿರುವ ಹಣಕಾಸಿನ ಜಾಣ್ಮೆಯನ್ನು ಬಹಳ ಮಂದಿ ಬರೆದಿದ್ದಾರೆ. ನನಗೆ ಹೆಚ್ಚು ಕುತೂಹಲ ಇರುವುದು ಎರಡನೆಯ ನಂಬಿಕೆಯ ಬಗ್ಗೆ, ಅಂದರೆ ನೋಡಿಕೊಳ್ಳುವುದು ಯಾರು ಎಂಬ ವಿಷಯ. ಇದನ್ನು ಗಟ್ಟಿಯಾಗಿ ಕೇಳಿದವರು ಬ್ಯಾಂಕಿನವರು. ಆಗಿನ ಕಾಲಕ್ಕೆ ದೀಪಕ್ಕೆ ಸಾಲ ಎಂದರೆ ಮ್ಯಾನೇಜರುಗಳು ನಗುತ್ತಿದ್ದರು. ಎಮ್ಮೆಗೆ, ಪಂಪ್‌ಸೆಟ್‌ಗೆ, ಹೊಲಿಗೆ ಯಂತ್ರಕ್ಕೆ ಸಾಲ ಉಂಟು, ಬೆಳಕಿನಿಂದ ಏನು ಆದಾಯ? ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು, ಕರಾವಳಿಯ ಸಿಂಡಿಕೇಟ್ ಬ್ಯಾಂಕು ಮುಂದೆ ಬಂದಾಗಲೂ ಅವರ ಕಣ್ಣು ಒಂದೇ ಕಡೆ: ದೀಪ ಕೆಟ್ಟರೆ ರೈತ ಕಂತು ನಿಲ್ಲಿಸುತ್ತಾನೆ. ‘ನಿಮ್ಮ ದೀಪವೇ ಉರಿಯುತ್ತಿಲ್ಲ, ದುಡ್ಡು ಯಾಕೆ ಕಟ್ಟಲಿ?’ ಎಂದು ಕೇಳಿದರೆ ಯಾವ ಫೀಲ್ಡ್ ಆಫೀಸರ ಹತ್ತಿರವೂ ಉತ್ತರವಿಲ್ಲ. ಹಾಗಾಗಿ ಸಾಲ ಕೊಡಬೇಕಾದರೆ ಹತ್ತಿರದಲ್ಲೇ ಸರ್ವಿಸ್ ಇರಬೇಕು, ಕರೆದರೆ ಬರುವ ಹುಡುಗ ಬೇಕು ಎಂಬ ಕಟ್ಟುಪಾಡು ಬಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಕಡಿಮೆ ಬಡ್ಡಿಯ ಸೋಲಾರ್ ಸಾಲ ಶುರು ಮಾಡಿದಾಗಲೂ ಮಾರಾಟದ ನಂತರದ ಸೇವೆ ಕೊಡಬಲ್ಲ ಕಂಪನಿಗಳಿಗೇ ಅವಕಾಶ. ಮೂರ್ನಾಲ್ಕು ವರ್ಷದಲ್ಲಿ ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಮನೆಗಳಿಗೆ ಆ ಸಾಲ ತಲುಪಿತು.

ಗ್ರಾಮೀಣ ತಂತ್ರಜ್ಞರ ಪಡೆಯೊಂದು ಹುಟ್ಟಿದ್ದರ ಹಿಂದೆ ಬ್ಯಾಂಕ್ ಮ್ಯಾನೇಜರನ ಅನುಮಾನವಿದೆ ಎಂಬುದು ನನಗೆ ತಮಾಷೆಯಾಗಿಯೂ ನಿಜವಾಗಿಯೂ ಕಾಣುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳು ಸಾಲಕ್ಕೆ ಕೈಜೋಡಿಸಿದ ಮೇಲಂತೂ ಈ ಒತ್ತಡ ವಾರವಾರವೂ ಬರತೊಡಗಿತು. ಮುಯ್ಯಾಳು ಪದ್ಧತಿಯಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿಯುವ ‘ಪ್ರಗತಿಬಂಧು’ ಗುಂಪುಗಳು ವಾರಕ್ಕೊಮ್ಮೆ ಸೇರುತ್ತವೆ. ಅಲ್ಲಿ ಯಾರದಾದರೂ ದೀಪ ಮಂಕಾಗಿದ್ದರೆ ಸುದ್ದಿ ಮಾರನೆಯ ದಿನವೇ ಬ್ರಾಂಚಿಗೆ ಮುಟ್ಟುತ್ತದೆ.

ಈ ಹುಡುಗರು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಆಗಸ್ಟ್ ತಿಂಗಳ ಮಲೆನಾಡು ಎಂದಿಟ್ಟುಕೊಳ್ಳಿ. ವಾರವಿಡೀ ಸೂರ್ಯ ಮುಖ ತೋರಿಲ್ಲ. ಬೈಕನ್ನು ಗದ್ದೆಯ ಅಂಚಿನಲ್ಲಿ ನಿಲ್ಲಿಸಿ, ಜಾರುವ ತೋಟದ ದಾರಿಯಲ್ಲಿ ಚೀಲ ಹೊತ್ತು ಬಂದವನು ಮೊದಲು ಮಾಡುವುದು ಪ್ರಶ್ನೆ ಕೇಳುವುದು. ‘ಅಮ್ಮಾ, ರಾತ್ರಿ ಎಷ್ಟೊತ್ತು ಉರಿಸ್ತೀರಿ?’ ‘ಎರಡೇ ತಾಸಪ್ಪ’ ಅನ್ನುತ್ತಾರೆ ಅವರು. ಆಮೇಲೆ ಅವನು ಜಗಲಿಯ ಮೂಲೆಯ ಬ್ಯಾಟರಿಯ ಮುಚ್ಚಳ ಬಿಚ್ಚಿ, ಗಾಜಿನ ನಳಿಗೆಯ ಹೈಡ್ರೊಮೀಟರಿನಲ್ಲಿ ಆಸಿಡ್ ಎಳೆದು ಗ್ರಾವಿಟಿ ನೋಡುತ್ತಾನೆ. ತುಂಬಿದ ಬ್ಯಾಟರಿಯಲ್ಲಿ 1240ರ ಆಸುಪಾಸು ಇರಬೇಕಾದದ್ದು 1150ಕ್ಕೆ ಇಳಿದಿದೆ. ಎರಡು ತಾಸು ಉರಿಸಿದ ಬ್ಯಾಟರಿ ಇಷ್ಟು ಸೊರಗುವುದಿಲ್ಲ. ಕಣ್ಣು ಗೋಡೆಯ ಮೇಲೆ ಓಡುತ್ತದೆ. ಚಾರ್ಜ್ ಕಂಟ್ರೋಲರನ್ನು ಬಿಟ್ಟು ಬ್ಯಾಟರಿಯಿಂದಲೇ ನೇರವಾಗಿ ಎಳೆದ ಕೆಂಪು ವೈರೊಂದು ಹಿಂದಿನ ಕೋಣೆಯ ಟಿ.ವಿ.ಗೆ ಹೋಗಿರುತ್ತದೆ. ಬ್ಯಾಟರಿ ತೀರಾ ಬರಿದಾಗದಂತೆ ತಡೆಯುವುದೇ ಕಂಟ್ರೋಲರಿನ ಕೆಲಸ. ಧಾರಾವಾಹಿ ಅರ್ಧಕ್ಕೆ ನಿಂತಿತೆಂದು ಮನೆಯ ಹುಡುಗ ‘ಡೈರೆಕ್ಟ್’ ಕೊಟ್ಟಿದ್ದಾನೆ. ಹೀಗೆ ನಾಲ್ಕು ತಿಂಗಳು ನಡೆದರೆ ಐದು ವರ್ಷ ಬಾಳುವ ಬ್ಯಾಟರಿ ಒಂದೂವರೆ ವರ್ಷಕ್ಕೆ ಗುಜರಿ.

ಇಲ್ಲಿಂದ ಮುಂದಿನದು ವೈರಿಂಗ್ ಪುಸ್ತಕದಲ್ಲಿಲ್ಲ. ಗದರಿದರೆ ಮನೆಯವರು ಮುನಿಯುತ್ತಾರೆ, ಸುಮ್ಮನಿದ್ದರೆ ಬ್ಯಾಟರಿ ಹೋಗುತ್ತದೆ. ಅವನು ವೈರು ಬಿಚ್ಚಿ, ಡಿಸ್ಟಿಲ್ಡ್ ವಾಟರ್ ತುಂಬಿಸಿ, ಪ್ಯಾನೆಲಿನ ಮೇಲೆ ಬಿದ್ದ ಅಡಿಕೆ ಸೋಗೆ ತೆಗೆದು, ಹಿಂದಿನ ಜಂಕ್ಷನ್ ಬಾಕ್ಸಿನಲ್ಲಿ ಕಟ್ಟಿದ ಇರುವೆ ಗೂಡು ಕೆಡವಿ, ಒಂದು ಲೋಟ ಚಹಾ ಕುಡಿಯುತ್ತ ಮಳೆ ನಿಲ್ಲುವವರೆಗೆ ಟಿ.ವಿ. ಬೇಡ ಎಂದು ಒಪ್ಪಿಸಿ ಬರುತ್ತಾನೆ. ಪಕ್ಕದ ಊರಿನವನಾದ್ದರಿಂದ ಆ ಮಾತಿಗೆ ಬೆಲೆ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಂದವನಿಗೆ ಆ ಕೆಂಪು ವೈರು ಕಾಣುತ್ತಲೂ ಇರಲಿಲ್ಲ. ಅವನು ಬರುವ ದಿನ ಅದನ್ನು ಮನೆಯವರೇ ಬಿಚ್ಚಿಡುತ್ತಿದ್ದರು.

ಕಲಿಸುವ ಜಾಗಗಳೂ ಹೀಗೆ ಊರಿನ ಹತ್ತಿರವೇ ಇರಬೇಕು ಎಂಬುದಕ್ಕೆ ಉಜಿರೆ ಸಾಕ್ಷಿ. ಬೆಳ್ತಂಗಡಿ ತಾಲ್ಲೂಕಿನ ಈ ಊರಲ್ಲಿ 1982ರಲ್ಲಿ ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ತೆರೆದವು. ಊಟ, ವಸತಿ, ಪಾಠ ಎಲ್ಲ ಉಚಿತ. ಕೆಲವೇ ವಾರಗಳ ಶಿಬಿರ. ಮೋಟಾರ್ ರಿವೈಂಡಿಂಗ್, ಹೊಲಿಗೆ, ಹೈನುಗಾರಿಕೆ, ಫೋಟೊಗ್ರಫಿ, ಹೀಗೆ ಸ್ವಂತ ಕಸುಬು ಹಿಡಿಯಲು ಬೇಕಾದ್ದು. ಇದರ ನಿಜವಾದ ಗುಟ್ಟು ತರಗತಿಯಲ್ಲಿಲ್ಲ. ಶಿಬಿರ ಮುಗಿದ ಮೇಲೂ ಸಂಸ್ಥೆಯವರು ಬೆನ್ನು ಬಿಡುವುದಿಲ್ಲ. ಅಂಗಡಿ ಹಾಕಿದೆಯಾ, ಸಾಲ ಸಿಕ್ಕಿತಾ, ಎಲ್ಲಿ ತೊಡಕಾಯಿತು ಎಂದು ವಿಚಾರಿಸುತ್ತಾರೆ. ಕಲಿಸುವವರೂ ಸಾಲ ಕೊಡುವವರೂ ಒಂದೇ ಸೂರಿನಡಿ ಇರುವುದರಿಂದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುವುದು ತಪ್ಪುತ್ತದೆ. ಕೇಂದ್ರ ಸರ್ಕಾರ ಇದನ್ನೇ ಮಾದರಿ ಮಾಡಿಕೊಂಡು ಜಿಲ್ಲೆಗೊಂದು ಆರ್‌ಸೆಟಿ ಎಂಬ ತರಬೇತಿ ಸಂಸ್ಥೆ ತೆರೆಯಲು ಬ್ಯಾಂಕುಗಳಿಗೆ ಹೇಳಿತು. ಇವತ್ತು ದೇಶದ ಯಾವುದೇ ಮೂಲೆಯ ಆರ್‌ಸೆಟಿಯ ಬೋರ್ಡು ನೋಡಿದರೂ ಅದರ ಬೇರು ಉಜಿರೆಯಲ್ಲಿದೆ.

ಏಣಿ ಹಿಡಿಯುವವರು, ಏಣಿ ಹತ್ತುವವರು

ಇಷ್ಟು ಹೊತ್ತು ‘ಹುಡುಗ’ ಎಂದೇ ಬರೆಯುತ್ತ ಬಂದೆ. ವಾಸ್ತವ ಹಾಗೇ ಇದೆ. ಜಗತ್ತಿನ ನವೀಕರಿಸಬಹುದಾದ ಇಂಧನ ಕ್ಷೇತ್ರದ ಉದ್ಯೋಗಿಗಳಲ್ಲಿ ಮಹಿಳೆಯರು ಶೇ 32 ಎಂದು ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿತು. ಅದೇ ವರ್ಷ ಭಾರತದ ಮೇಲ್ಚಾವಣಿ ಸೋಲಾರ್ ಕಂಪನಿಗಳನ್ನು ನೋಡಿದ ಅಧ್ಯಯನದಲ್ಲಿ ಸಿಕ್ಕಿದ್ದು ಶೇ 11. ಅವರಲ್ಲೂ ಕಚೇರಿಯೊಳಗೆ ವಿನ್ಯಾಸ, ಲೆಕ್ಕಪತ್ರ ನೋಡುವವರು ಹೆಚ್ಚು, ಚಾವಣಿ ಹತ್ತುವವರು ಬೆರಳೆಣಿಕೆ.

ಕೇಳಿದರೆ ಮೊದಲು ಬರುವ ಉತ್ತರ ‘ಪ್ಯಾನೆಲು ಭಾರ’ ಎಂದು. ಈಗಿನ ದೊಡ್ಡ ಪ್ಯಾನೆಲು ಇಪ್ಪತ್ತೈದು ಕೆ.ಜಿ. ಮೀರುತ್ತದೆ, ನಿಜ. ಗಂಡಸಾದರೂ ಅದನ್ನು ಒಬ್ಬನೇ ಎತ್ತಬಾರದು, ಇಬ್ಬರು ಎತ್ತಬೇಕೆಂಬುದೇ ನಿಯಮ. ಬೇಸಾಯದ ಮನೆಗಳಲ್ಲಿ ಹುಲ್ಲಿನ ಹೊರೆ, ನೀರಿನ ಕೊಡ ಹೊತ್ತವರ ಎದುರು ಭಾರದ ಮಾತಾಡುವುದೇ ನಗೆಪಾಟಲು. ನಿಜವಾದ ತೊಡಕುಗಳು ಬೇರೆ ಇವೆ. ಸೈಟಿನಲ್ಲಿ ಶೌಚಾಲಯ ಇರುವುದಿಲ್ಲ. ಸೇಫ್ಟಿ ಬೆಲ್ಟು, ಬೂಟು ಗಂಡಸರ ಅಳತೆಯವು. ಬೈಕ್ ಓಡಿಸಲು ಬರಬೇಕು, ಬಂದರೂ ಮನೆಯಲ್ಲಿರುವ ಒಂದೇ ಬೈಕು ಅಣ್ಣನದು. ಸಂಜೆ ಏಳಕ್ಕೆ ದೂರದ ಊರಿನಿಂದ ಒಬ್ಬಳೇ ವಾಪಸಾಗುವುದನ್ನು ಮನೆಯವರು ಒಪ್ಪಬೇಕು. ಗಿರಾಕಿಯ ಮನೆ ಬಾಗಿಲಲ್ಲಿ ‘ಜೊತೆಗೆ ಯಾರೂ ಬರಲಿಲ್ವೇನಮ್ಮಾ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಇದರ ಇನ್ನೊಂದು ಮಗ್ಗುಲನ್ನು ಕಂಪನಿಗಳು ಗಮನಿಸಿದಂತಿಲ್ಲ. ಹಗಲು ಹೊತ್ತು ಹಳ್ಳಿಯ ಮನೆಗಳಲ್ಲಿ ಇರುವವರು ಹೆಂಗಸರು, ಮುದುಕರು. ಅಡುಗೆಮನೆಯೊಳಗಿನ ಸ್ವಿಚ್‌ಬೋರ್ಡಿನ ತನಕ ಕರೆದೊಯ್ಯಲು ಅವರಿಗೆ ಮಹಿಳಾ ಮೆಕ್ಯಾನಿಕ್ ಬಂದರೆ ಎಷ್ಟೋ ಸಲೀಸು.

ರಾಜಸ್ಥಾನದ ಅಜ್ಮೀರ್ ಜಿಲ್ಲೆಯ ತಿಲೋನಿಯಾ ಈ ಪ್ರಶ್ನೆಯನ್ನು ತಲೆಕೆಳಗು ಮಾಡಿತು. ಬಂಕರ್ ರಾಯ್ 1972ರಲ್ಲಿ ಕಟ್ಟಿದ, ಆಮೇಲೆ ‘ಬೇರ್‌ಫುಟ್ ಕಾಲೇಜು’ ಎಂದು ಹೆಸರಾದ ಸಂಸ್ಥೆ ಅಲ್ಲಿದೆ. ಊರಿನವರನ್ನೇ ಹ್ಯಾಂಡ್‌ಪಂಪ್ ಮಿಸ್ತ್ರಿಗಳಾಗಿ ತಯಾರು ಮಾಡಿ ಅನುಭವ ಇದ್ದ ಸಂಸ್ಥೆ ಸೋಲಾರಿಗೂ ಅದೇ ದಾರಿ ಹಿಡಿಯಿತು. ಆಯ್ಕೆ ಮಾಡಿಕೊಂಡದ್ದು ಅಕ್ಷರ ಬಾರದ, ನಡುವಯಸ್ಸಿನ ಹೆಂಗಸರನ್ನು, ಅವರಲ್ಲಿ ಅನೇಕರು ಅಜ್ಜಿಯರು. ಹುಡುಗರಿಗೆ ಕಲಿಸಿ ಸರ್ಟಿಫಿಕೇಟ್ ಕೊಟ್ಟರೆ ಅದನ್ನು ಹಿಡಿದು ಪಟ್ಟಣದ ಬಸ್ಸು ಹತ್ತುತ್ತಾರೆ, ಅಜ್ಜಿ ಊರು ಬಿಡುವುದಿಲ್ಲ ಎಂಬುದು ರಾಯ್ ಅವರ ವಾದ. 2008ರಿಂದ ಭಾರತ ಸರ್ಕಾರದ ನೆರವಿನಲ್ಲಿ ಆಫ್ರಿಕಾದ ಹಳ್ಳಿಗಳಿಂದಲೂ ಹೆಂಗಸರು ಬಂದು ಆರು ತಿಂಗಳು ಕೂತು ಕಲಿತು ಹೋದರು. ಕಲಿಸುವವರ ಭಾಷೆ ಕಲಿಯುವವರಿಗೆ ಬರದು. ರೆಸಿಸ್ಟರಿನ ಮೇಲಿನ ಬಣ್ಣದ ಪಟ್ಟಿ, ಕೈಸನ್ನೆ, ಪದೇಪದೇ ಬೆಸುಗೆ ಹಾಕಿ ಬಿಚ್ಚುವುದು, ಇಷ್ಟೇ ಪಾಠ. ಹಿಂತಿರುಗಿದವರಿಗೆ ಊರಿನ ಸಮಿತಿ ಮನೆಮನೆಯಿಂದ ತಿಂಗಳ ಹಣ ಎತ್ತಿ ಸಂಬಳ ಕೊಡಬೇಕೆಂಬ ಒಪ್ಪಂದ.

ಇದನ್ನು ಪವಾಡದಂತೆ ಬಣ್ಣಿಸುವವರ ಸಾಲಿಗೆ ನಾನು ಸೇರುವುದಿಲ್ಲ. ತಿಂಗಳ ಹಣ ನಿಂತರೆ ಅಜ್ಜಿಯ ಕೆಲಸವೂ ನಿಲ್ಲುತ್ತದೆ, ಬಿಡಿಭಾಗ ಸಿಗದ ಕಡೆ ಬೆಸುಗೆಯ ಜಾಣ್ಮೆ ಏನೂ ಮಾಡಲಾರದು, ಊರಿಗೆ ಕರೆಂಟಿನ ಕಂಬ ಬಂದ ಮೇಲೆ ಎರಡು ದೀಪದ ಸೋಲಾರನ್ನು ಯಾರು ಕೇಳುತ್ತಾರೆ? ಆದರೂ ಓದಿನ ಹೊಸ್ತಿಲು ದಾಟಿದವರಿಗೆ ಮಾತ್ರ ತಂತ್ರಜ್ಞಾನ ಎಂಬ ಗರ್ವವನ್ನು ತಿಲೋನಿಯಾ ಮುರಿಯಿತು. ಅದೇ ರಾಜ್ಯದ ಡುಂಗರ್‌ಪುರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಐಐಟಿ ಬಾಂಬೆಯ ಚೇತನ್ ಸಿಂಗ್ ಸೋಲಂಕಿ ಅವರ ತಂಡ ಮತ್ತು ರಾಜ್ಯದ ಜೀವನೋಪಾಯ ಮಿಷನ್ ಸೇರಿ, ಬುಡಕಟ್ಟು ಹೆಂಗಸರಿಗೆ ಶಾಲಾ ಮಕ್ಕಳ ಓದುವ ದೀಪ ಜೋಡಿಸಲು, ಮಾರಲು, ರಿಪೇರಿ ಮಾಡಲು ಕಲಿಸಿದರು. ಆಮೇಲೆ ಆ ಹೆಂಗಸರೇ ಷೇರುದಾರರಾಗಿ ‘ದುರ್ಗಾ’ ಎಂಬ ಪ್ಯಾನೆಲು ತಯಾರಿಸುವ ಕಂಪನಿ ಬಂತು. ದೀಪದ ಬೇಡಿಕೆ ಮುಗಿಯಬಹುದು ಎಂಬುದನ್ನು ಮೊದಲೇ ಎಣಿಸಿದ್ದರಲ್ಲಿ ಜಾಣತನವಿತ್ತು.

ಹದಿಮೂರು ಸಾವಿರ ಎಕರೆ

ಮತ್ತೆ ತುಮಕೂರು ಜಿಲ್ಲೆಗೇ ಬರೋಣ, ಈ ಸಲ ಉತ್ತರದ ತುದಿಗೆ. ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಸರ್ಕಾರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರದ ಮೇಲೆ ಬರ ಕಂಡು, ಕಡಲೆಕಾಯಿ ಬಿತ್ತಿ ಆಕಾಶ ನೋಡುತ್ತಿದ್ದ ರೈತನಿಗೆ ಇದು ನಿಶ್ಚಿತ ಆದಾಯ. ಜಮೀನಿದ್ದವರ ಮಟ್ಟಿಗೆ ಪಾವಗಡ ದೇಶದ ಬೇರೆ ಎಷ್ಟೋ ಯೋಜನೆಗಳಿಗಿಂತ ಮರ್ಯಾದೆಯ ಒಪ್ಪಂದ ಎಂದು ಒಪ್ಪಿಕೊಳ್ಳಲೇಬೇಕು.

ಜಮೀನಿಲ್ಲದವರ ಗತಿ ಬೇರೆ. ಕಳೆ ಕೀಳುವ, ಕಡಲೆಕಾಯಿ ಬಿಡಿಸುವ ಕೂಲಿ ಹೋಯಿತು, ಕುರಿ ಮೇಯಿಸುವ ಬಯಲು ಬೇಲಿಯೊಳಗೆ ಸೇರಿತು. ಗುತ್ತಿಗೆ ಹಣದಲ್ಲಿ ಅವರಿಗೆ ಪಾಲಿಲ್ಲ. ಬದಲಿಗೆ ಪಾರ್ಕಿನಲ್ಲಿ ಸಿಕ್ಕ ಕೆಲಸ ಎಂದರೆ ಹುಲ್ಲು ಕೊಯ್ಯುವುದು, ಪ್ಯಾನೆಲು ತೊಳೆಯುವುದು, ರಾತ್ರಿ ಕಾವಲು. ಅದೂ ಗುತ್ತಿಗೆದಾರನ ಕೈಕೆಳಗೆ, ಎಲ್ಲರಿಗೂ ಇಲ್ಲ. ಇನ್ವರ್ಟರ್ ಕೋಣೆಯೊಳಗಿನ ಕೆಲಸಕ್ಕೆ ಡಿಪ್ಲೊಮಾ ಬೇಕು, ಆ ಡಿಪ್ಲೊಮಾ ಇದ್ದವರು ಹೊರಗಿನಿಂದ ಬಂದರು. ಈಚೆಗೆ ನೀರಿಲ್ಲದೆ ಪ್ಯಾನೆಲು ಒರೆಸುವ ರೋಬಾಟ್‌ಗಳೂ ಮಾರುಕಟ್ಟೆಯಲ್ಲಿವೆ. ಒರೆಸುವ ಕೆಲಸವೂ ಎಷ್ಟು ದಿನವೋ.

ಇಲ್ಲಿ ದೊಡ್ಡದು ಚಿಕ್ಕದರ ಲೆಕ್ಕವೊಂದಿದೆ. ದೆಹಲಿಯ ಸಿಇಇಡಬ್ಲ್ಯು ಮತ್ತು ಅಮೆರಿಕದ ಎನ್‌ಆರ್‌ಡಿಸಿ ಸಂಸ್ಥೆಗಳು 2017ರಲ್ಲಿ ಕೊಟ್ಟ ಅಂದಾಜಿನಂತೆ ಒಂದು ಮೆಗಾವ್ಯಾಟ್‌ನ ದೊಡ್ಡ ಸೌರ ಸ್ಥಾವರಕ್ಕೆ ಬೇಕಾಗುವುದು 3.45 ಜನರ ಒಂದು ವರ್ಷದ ದುಡಿಮೆ, ಗಾಳಿ ವಿದ್ಯುತ್ತಿಗೆ 1.27. ಅದೇ ಒಂದು ಮೆಗಾವ್ಯಾಟನ್ನು ಮನೆ, ಶಾಲೆ, ಅಂಗಡಿಗಳ ಚಾವಣಿಗಳ ಮೇಲೆ ಹರಡಿದರೆ 24.72. ಅಂದರೆ ಏಳು ಪಟ್ಟು. ಚಾವಣಿ ಒಂದೊಂದೂ ಒಂದೊಂದು ಥರ. ಹೆಂಚು, ಶೀಟು, ಆರ್‌ಸಿಸಿ, ಪಕ್ಕದಲ್ಲಿ ತೆಂಗಿನ ಮರ, ಮೇಲೆ ನೀರಿನ ಟ್ಯಾಂಕು. ಒಂದೊಂದಕ್ಕೂ ಯಾರೋ ಹೋಗಿ ಅಳೆಯಬೇಕು, ನೆರಳು ನೋಡಬೇಕು, ಮೊಳೆ ಹೊಡೆಯಬೇಕು. ಪಾರ್ಕಿನ ಅಗ್ಗದ ಯೂನಿಟ್ಟೇ ಲಾಭ ಎನ್ನುವವರ ಕಣ್ಣಿಗೆ ಇದು ದುಬಾರಿ. ದುಡಿಯುವ ಕೈಗಳ ಕಡೆಯಿಂದ ನೋಡಿದರೆ ಆ ದುಬಾರಿಯೆಲ್ಲ ಸಂಬಳ. ಪಾವಗಡದ ಐದು ಹಳ್ಳಿಗಳ ಹುಡುಗ ಹುಡುಗಿಯರಿಗೆ ಪಾರ್ಕಿನ ಬೇಲಿ ಹಾಕುವ ಎರಡು ವರ್ಷ ಮೊದಲೇ, ಅಲ್ಲಿಯೇ ಒಂದು ತರಬೇತಿ ಕೇಂದ್ರ ನಡೆಸಿ, ಇಂತಿಷ್ಟು ತಾಂತ್ರಿಕ ಹುದ್ದೆ ಅವರಿಗೇ ಎಂದು ಗುತ್ತಿಗೆಯ ಕರಾರಿನಲ್ಲೇ ಬರೆಸಿದ್ದರೆ? ಭೂಮಿಯ ಬಾಡಿಗೆಗೆ ಕರಾರು ಬರೆಯಲು ಬಂದವರಿಗೆ ಇದು ಬಾರದ ವಿದ್ಯೆಯೇನೂ ಆಗಿರಲಿಲ್ಲ.

ಸರ್ಕಾರದ ಬಳಿ ತರಬೇತಿ ಯೋಜನೆ ಇಲ್ಲವೆಂದಲ್ಲ. 2015ರಲ್ಲಿ ಬಂದ ‘ಸೂರ್ಯಮಿತ್ರ’ ಯೋಜನೆ ಮೂರು ತಿಂಗಳು, 600 ಗಂಟೆಯ ಉಚಿತ ವಸತಿ ತರಬೇತಿ. 2020ರೊಳಗೆ 50,000 ಜನ ಎಂಬ ಗುರಿ ಇಟ್ಟುಕೊಂಡಿತ್ತು. ಪಠ್ಯವೂ ಒಳ್ಳೆಯದೇ. ಹತ್ತು ಪ್ಯಾನೆಲನ್ನು ಸಾಲಾಗಿ ಜೋಡಿಸಿದರೆ ನಾನೂರು ವೋಲ್ಟ್ ಡಿ.ಸಿ. ಹರಿಯುತ್ತದೆ, ಉರಿಬಿಸಿಲಿನಲ್ಲಿ ಲೋಡ್ ಇರುವಾಗಲೇ ಕನೆಕ್ಟರ್ ಎಳೆದರೆ ಹತ್ತುವ ಕಿಡಿ ಮನೆಯ ಎ.ಸಿ. ಕರೆಂಟಿನಂತೆ ತಾನಾಗಿ ಆರುವುದಿಲ್ಲ, ಕೈ ಸುಟ್ಟೇ ಬಿಡುತ್ತದೆ ಎಂಬಂಥದ್ದನ್ನು ಕಲಿಯದೆ ಚಾವಣಿ ಹತ್ತುವುದು ಪ್ರಾಣಕ್ಕೆ ಸಂಚಕಾರ. ತೊಡಕಿರುವುದು ಮೂರು ತಿಂಗಳಾದ ಮಾರನೆಯ ದಿನ. ಸರ್ಟಿಫಿಕೇಟ್ ಕೈಗೆ ಬಂತು, ಮುಂದೆ? ಬೀದರಿನ ಹುಡುಗನಿಗೆ ಗುಜರಾತಿನ ಯಾವುದೋ ಪಾರ್ಕಿನಲ್ಲಿ ಆರು ತಿಂಗಳ ಗುತ್ತಿಗೆ ಕೆಲಸ ಸಿಕ್ಕರೆ ಅದನ್ನು ‘ಉದ್ಯೋಗ ದೊರಕಿತು’ ಎಂಬ ಕಾಲಂನಲ್ಲಿ ಬರೆಯುತ್ತಾರೆ. ಏಳನೆಯ ತಿಂಗಳು ಅವನು ಊರಿಗೆ ಬಂದು ಮೊಬೈಲ್ ಅಂಗಡಿಯಲ್ಲಿ ಕೂತರೆ ಅದಕ್ಕೆ ಕಾಲಂ ಇಲ್ಲ.

ಈಗ ಆಟ ದೊಡ್ಡದಾಗಿದೆ. 2024ರ ಫೆಬ್ರುವರಿಯಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಡಿ ಒಂದು ಕೋಟಿ ಮನೆಗಳ ಚಾವಣಿಗೆ ಸೋಲಾರ್, ವೆಚ್ಚ 75,021 ಕೋಟಿ ರೂಪಾಯಿ. ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ. ಹದಿನೇಳು ಲಕ್ಷ ನೇರ ಉದ್ಯೋಗ ಸೃಷ್ಟಿಯಾಗುತ್ತದೆ ಎಂದು ಸಂಪುಟದ ತೀರ್ಮಾನದ ಜೊತೆಗೇ ಪ್ರಕಟಿಸಲಾಯಿತು. ಕರ್ನಾಟಕದಲ್ಲಿ 200 ಯೂನಿಟ್‌ವರೆಗೆ ಉಚಿತ ಕರೆಂಟ್ ಕೊಡುವ ಗೃಹಜ್ಯೋತಿ ಇರುವಾಗ ಸಾಮಾನ್ಯ ಮನೆಯವರು ಚಾವಣಿಗೆ ಲಕ್ಷ ಸುರಿಯುವ ಉತ್ಸಾಹ ತೋರುವುದು ಕಷ್ಟ. ಇಲ್ಲಿನ ಯುವಕರಿಗೆ ಆ ಹದಿನೇಳು ಲಕ್ಷದಲ್ಲಿ ಎಷ್ಟು ಪಾಲು ಎಂದು ಕೇಳುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಮಾತು ಕಹಿಯಾದರೂ.

ಉತ್ಸಾಹ ಇದ್ದ ಕಡೆಯೂ ಊರಿನ ಮೆಕ್ಯಾನಿಕ್‌ಗೆ ಬಾಗಿಲು ಪೂರ್ತಿ ತೆರೆದಿಲ್ಲ. ಸಹಾಯಧನದ ಕೆಲಸ ಮಾಡಲು ನೋಂದಾಯಿತ ವೆಂಡರ್ ಆಗಬೇಕು, ಅದಕ್ಕೆ ಲಕ್ಷಗಳ ಬ್ಯಾಂಕ್ ಗ್ಯಾರಂಟಿ ಇಡಬೇಕು. ಹಾಗಾಗಿ ವೆಂಡರ್ ನಗರದವನಾಗುತ್ತಾನೆ, ಊರಿನ ಕುಶಲಕರ್ಮಿ ಅವನ ಕೈಕೆಳಗೆ ದಿನಗೂಲಿಗೆ ಮೊಳೆ ಹೊಡೆಯುತ್ತಾನೆ. ಹತ್ತು ಮಂದಿ ಸೂರ್ಯಮಿತ್ರರು ಸೇರಿ ಒಂದು ಸಹಕಾರ ಸಂಘ ಮಾಡಿಕೊಂಡರೆ, ಡಿಸಿಸಿ ಬ್ಯಾಂಕೋ ಮಹಿಳಾ ಒಕ್ಕೂಟವೋ ಅವರ ಗ್ಯಾರಂಟಿಗೆ ನಿಂತರೆ ಈ ಗೋಡೆ ದಾಟಬಹುದು. ಹಾಲಿನ ಡೇರಿಯನ್ನು ಊರೂರಲ್ಲಿ ಸಹಕಾರಿಯಾಗಿ ನಡೆಸಿ ತೋರಿಸಿದ ರಾಜ್ಯಕ್ಕೆ ಇದನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಜಿಲ್ಲೆಗೊಂದು ಮಾದರಿ ಸೌರ ಗ್ರಾಮಕ್ಕೆ ಒಂದು ಕೋಟಿ ರೂಪಾಯಿ ಕೊಡಲು ಯೋಜನೆಯಲ್ಲೇ ಅವಕಾಶವಿದೆ. ಆ ದುಡ್ಡಿನಲ್ಲಿ ಇನ್ನಷ್ಟು ಬೀದಿದೀಪ ಹಾಕಿಸುವ ಆಸೆ ಪಂಚಾಯಿತಿಗಳಿಗೆ ಬರುವುದು ಸಹಜ. ಅದರ ಒಂದು ಪಾಲನ್ನು ಊರಿನ ಇಬ್ಬರು ಹೆಣ್ಣುಮಕ್ಕಳ ತರಬೇತಿಗೆ, ಅವರಿಗೊಂದು ಸ್ಕೂಟರಿಗೆ, ಮಲ್ಟಿಮೀಟರು, ಕ್ರಿಂಪಿಂಗ್ ಟೂಲು, ಅವರ ಅಳತೆಯ ಸೇಫ್ಟಿ ಬೆಲ್ಟಿಗೆ ಎತ್ತಿಡುವ ಪಂಚಾಯಿತಿ ಯಾವುದು ಬರುತ್ತದೋ ನೋಡಬೇಕು.

ಅವಸರವೂ ಇದೆ. ಸೂರ್ಯಘರ್‌ನಲ್ಲಿ ಹಾಕಿದ ಘಟಕವನ್ನು ಐದು ವರ್ಷ ನೋಡಿಕೊಳ್ಳುವುದು ವೆಂಡರ್ ಜವಾಬ್ದಾರಿ. ಪ್ಯಾನೆಲು ಇಪ್ಪತ್ತೈದು ವರ್ಷದ್ದು, ಇನ್ವರ್ಟರ್ ಅಷ್ಟು ಬಾಳುವುದಿಲ್ಲ. 2024ರಲ್ಲಿ ಚಾವಣಿ ಏರಿದ ಮೊದಲ ಘಟಕಗಳ ಐದು ವರ್ಷ 2029ಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಕೆಂಪು ಲೈಟು ಹತ್ತಿದಾಗ ಮನೆಯವರು ಫೋನ್ ಮಾಡಬೇಕಾದ ನಂಬರು ಯಾರದು ಎಂದು ಯೋಜನೆಯ ಯಾವ ಹಾಳೆಯಲ್ಲೂ ಬರೆದಿಲ್ಲ.